ಎಲ್‌ಕೆಜಿ ಜಗಳದಲ್ಲಿ ಮರೆತುಹೋದ ಮಕ್ಕಳು

ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಸರ್ಕಾರ ಹೊರಟಾಗ, 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿಗೆ ಬಂದು ಧರಣಿ ಕೂತರು. ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಖಾಲಿಯಾಗುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದೇ. ಸ್ವಲ್ಪ ದಿನಕ್ಕೇ ರಾಜಧಾನಿಯ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸರಿ’ ಎಂಬ ಹೊಸ ಹೆಸರು ಬಂತು. ಶಾಲೆ ನಡೆಸುವ ಇಲಾಖೆ, ಅಂಗನವಾಡಿ ನಡೆಸುವ ಇಲಾಖೆ ಎರಡೂ ಹಗ್ಗಜಗ್ಗಾಟ ನಡೆಸಿದ್ದು ಮೂರರಿಂದ ಆರು ವರ್ಷದ ಮಕ್ಕಳಿಗಾಗಿ. ಮೂರು ತುಂಬದ ಮಗುವಿನ ಪರವಾಗಿ ಯಾರೂ ದನಿ ಎತ್ತಲಿಲ್ಲ. ಅದು ಮನೆಯಲ್ಲಿರುತ್ತದೆ, ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ಆದರೆ ಮಿದುಳು ಅತಿ ವೇಗವಾಗಿ ಬೆಳೆಯುವುದು ಆ ವಯಸ್ಸಿನಲ್ಲೇ.

ಕಾಗದದ ಮೇಲೆ ಕೊರತೆಯೇನೂ ಇಲ್ಲ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ‘ನವಚೇತನ’ ಎಂಬ ಚೌಕಟ್ಟು ಹೊರತಂದಿತು. ಹುಟ್ಟಿದಂದಿನಿಂದ 36 ತಿಂಗಳವರೆಗೆ ಮಗುವಿನ ಜೊತೆ ಏನೇನು ಆಡಬೇಕು, ಹೇಗೆ ಮಾತಾಡಬೇಕು ಎಂಬುದಕ್ಕೆ ಅದರಲ್ಲಿ 140 ಚಟುವಟಿಕೆಗಳಿವೆ. ಇವನ್ನು ಮನೆ ಮನೆಗೆ ಹೋಗಿ ತಾಯಿ-ತಂದೆಗೆ ತೋರಿಸಿಕೊಡಬೇಕಾದವಳು ಮಾತ್ರ ಅದೇ ಅಂಗನವಾಡಿ ಟೀಚರ್.

ಅವಳ ದಿನ ಹೇಗಿರುತ್ತದೆ? ಬೆಳಿಗ್ಗೆ ಮಕ್ಕಳಿಗೆ ಪಾಠ, ಮಧ್ಯಾಹ್ನ ಊಟ. ಗರ್ಭಿಣಿ, ಬಾಣಂತಿಯರ ಲೆಕ್ಕ ಬೇರೆ. ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಏರಿಸಬೇಕು. 2025ರಿಂದ ಮನೆಗೆ ಕೊಡುವ ಆಹಾರಕ್ಕೂ ಫಲಾನುಭವಿಯ ಮುಖವನ್ನು ಮೊಬೈಲ್‌ಗೆ ಹಿಡಿಯಬೇಕು. ನೆಟ್‌ವರ್ಕ್ ಇಲ್ಲದ ಊರಲ್ಲಿ ಸಿಗ್ನಲ್ ಹುಡುಕಿಕೊಂಡು ಅಲೆಯಬೇಕು. ಚುನಾವಣೆ ಬಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೆಲಸ. ಇಷ್ಟಕ್ಕೆಲ್ಲ ಕೇಂದ್ರ ನಿಗದಿಪಡಿಸಿದ ಗೌರವಧನ 2018ರಿಂದ 4,500 ರೂಪಾಯಿಯಲ್ಲೇ ನಿಂತಿದೆ. ರಾಜ್ಯ ತನ್ನ ಪಾಲು ಸೇರಿಸುವುದರಿಂದ ಜೀವನ ಹೇಗೋ ಸಾಗುತ್ತದೆ. ಇಂಥವಳ ಮನೆ ಭೇಟಿ ಆ್ಯಪ್‌ನಲ್ಲಿ ಟಿಕ್ ಒತ್ತುವುದಕ್ಕೆ ಇಳಿದರೆ ತಪ್ಪು ಅವಳದಲ್ಲ.

ಮನೆ ಭೇಟಿ ಫಲ ಕೊಡುತ್ತದೆ ಎಂಬುದಕ್ಕೆ ಎಲ್ಲರೂ ಜಮೈಕಾದ ಹೆಸರು ಹೇಳುತ್ತಾರೆ. 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮ್ಯಾಕ್‌ಗ್ರೆಗರ್ ಮತ್ತು ಸಂಗಡಿಗರು ಕಿಂಗ್‌ಸ್ಟನ್ನಿನಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಒಂದು ಗುಂಪಿನ ಮಕ್ಕಳ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿ ವಾರಕ್ಕೊಮ್ಮೆ, ಎರಡು ವರ್ಷ ಹೋದಳು. ಬಳಸಿ ಬಿಸಾಡಿದ ವಸ್ತುಗಳಿಂದ ಮಾಡಿದ ಆಟಿಕೆ ಒಯ್ದು, ತಾಯಿಯ ಮುಂದೆ ತಾನು ಆಡಿ ತೋರಿಸಿ, ಆಮೇಲೆ ತಾಯಿಯ ಕೈಗೇ ಕೊಟ್ಟು ಆಡಿಸಿ, ಚೆನ್ನಾಗಿ ಮಾಡಿದೆ ಎಂದು ಬೆನ್ನು ತಟ್ಟಿ, ಆಟಿಕೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದಳು. ಮುಂದಿನ ವಾರ ಹೊಸದು. ಇಪ್ಪತ್ತು ವರ್ಷದ ಬಳಿಕ ಆ ಗುಂಪಿನವರ ಗಳಿಕೆ, ಭೇಟಿ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಅಧ್ಯಯನ ಚಿಕ್ಕದು, ಒಪ್ಪೋಣ. ನಮ್ಮ ಅಧಿಕಾರಿಗಳು ಅದರ ಫಲವನ್ನಷ್ಟೇ ಓದಿದ್ದಾರೆ. ಆ ಸಹಾಯಕಿಗೆ ಆ ಕೆಲಸಕ್ಕೆಂದೇ ಸಮಯ, ತರಬೇತಿ, ಬೆನ್ನಿಗೆ ಮೇಲ್ವಿಚಾರಣೆ ಇತ್ತೆಂಬುದನ್ನು ಬಿಟ್ಟಿದ್ದಾರೆ.

“ಮಗು ಸಾಕುವುದನ್ನು ಬಡವರಿಗೆ ಸರ್ಕಾರ ಹೇಳಿಕೊಡಬೇಕೇ?” ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಕೂಲಿ ಮುಗಿಸಿ ಸಂಜೆ ಮನೆ ಸೇರುವ ತಾಯಿಗೆ ಜೋಗುಳವೂ ಗೊತ್ತು, ಒಗಟೂ ಗೊತ್ತು. ಬಿಡುವು ಇಲ್ಲ, ಅದೇ ಪಾಠವೆಂಬ ಧೈರ್ಯ ಇಲ್ಲ. ಉಪದೇಶ ಮಾಡಲು ಬರುವವಳಿಗೆ ಬಾಗಿಲು ಹಾಕಲಿ. ಅವರೆಕಾಯಿ ಸುಲಿಯುವಾಗ ಮಗುವಿನ ಕೈಗೂ ನಾಲ್ಕು ಕಾಯಿ ಕೊಟ್ಟು, ಬಣ್ಣ ಹೇಳಿಸಿ, ಎಣಿಸಿದರೆ ಸಾಕು ಎಂದು ಜೊತೆ ಕೂತು ತೋರಿಸುವವಳು ಬರಲಿ.

ಹಣವಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಜಮೈಕಾದ ಮಾದರಿಯನ್ನೇ ತಾಯಂದಿರ ಗುಂಪುಗಳಲ್ಲಿ ನಡೆಸಿದಾಗಲೂ ಮಕ್ಕಳ ಬುದ್ಧಿ ಬೆಳವಣಿಗೆ ಸುಧಾರಿಸಿತು, ಖರ್ಚು ಮನೆ ಭೇಟಿಗಿಂತ ಬಹಳ ಕಡಿಮೆ. ತಮಿಳುನಾಡಿನಲ್ಲಿ ಅಂಗನವಾಡಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು ನೋಡಿದಾಗ ಪಾಠದ ಸಮಯ ದುಪ್ಪಟ್ಟಾಯಿತು, ಕಲಿಕೆಯೂ ಏರಿತು.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್‌ನ ಕರ್ನಾಟಕದ ಮೊದಲ ಯೋಜನೆ 1975ರಲ್ಲಿ ತಿ. ನರಸೀಪುರದಲ್ಲಿ ಶುರುವಾಯಿತು. ಐವತ್ತು ವರ್ಷದ ಬಳಿಕವೂ ಒಂದು ಕೇಂದ್ರಕ್ಕೆ ಒಬ್ಬಳೇ ಟೀಚರ್ ಎಂಬ ಲೆಕ್ಕ ಬದಲಾಗಿಲ್ಲ. ಅದನ್ನು ಮೊದಲು ಬದಲಿಸಿ. ಮೂರು ವರ್ಷದೊಳಗಿನ ಮಕ್ಕಳಿಗೆಂದೇ ಎರಡನೇ ಕಾರ್ಯಕರ್ತೆಯನ್ನು ನೇಮಿಸಿ. ಎಲ್‌ಕೆಜಿ ತೆರೆದ ಕಲ್ಯಾಣ ಕರ್ನಾಟಕದಲ್ಲೇ ಶುರುಮಾಡಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ಇಡಲಾಗದಿದ್ದರೆ ‘ಮನೆ ಭೇಟಿ’ ಎಂಬ ಕಾಲಂ ಅನ್ನೇ ಆ್ಯಪ್‌ನಿಂದ ತೆಗೆಯಿರಿ. ಆ ಹೆಣ್ಣುಮಕ್ಕಳ ಕೈಯಲ್ಲಿ ಸುಳ್ಳು ಬರೆಸುವುದಾದರೂ ನಿಲ್ಲುತ್ತದೆ.