ನಾಶವಾದ ನಾಲ್ಕು ಮುದ್ರಣಯಂತ್ರಗಳು

ಅಮೆರಿಕದ ಇಲಿನಾಯ್ ರಾಜ್ಯದ ಆಲ್ಟನ್ ಪಟ್ಟಣದಲ್ಲಿ 1836ರ ಜುಲೈಗೂ 1837ರ ನವೆಂಬರಿಗೂ ನಡುವೆ ಮಿಸಿಸಿಪ್ಪಿ ನದಿಯ ದಡದಲ್ಲಿ ನಾಲ್ಕು ಮುದ್ರಣಯಂತ್ರಗಳನ್ನು ನಾಶಮಾಡಲಾಯಿತು. ನಾಲ್ಕೂ ಒಬ್ಬ ಸಂಪಾದಕರಿಗೆ ಸೇರಿದವು; ಅವರ ಹೆಸರು ಎಲೈಜಾ ಪ್ಯಾರಿಷ್ ಲವ್‌ಜಾಯ್. ನಾಲ್ಕನೆಯ ಯಂತ್ರದೊಂದಿಗೆ ಅವರ ಪ್ರಾಣವೂ ಹೋಯಿತು. ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದಾಗ ಸರ್ಕಾರದ ಕತ್ತರಿ ನೆನಪಾಗುವುದು ರೂಢಿ. ಲವ್‌ಜಾಯ್ ಅವರ ಪತ್ರಿಕೆಯನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಅದರ ಬಾಯಿ ಮುಚ್ಚಿಸಿದ್ದು ಊರಿನ ಜನ. ಅವರನ್ನು ತಡೆಯಬೇಕಾದ ಕಾನೂನು ತಡೆಯಲಿಲ್ಲ.

ಲವ್‌ಜಾಯ್ ಹುಟ್ಟಿದ್ದು 1802ರಲ್ಲಿ, ಈಶಾನ್ಯದ ಮೇಯ್ನ್ ಪ್ರಾಂತ್ಯದಲ್ಲಿ. 1827ರಲ್ಲಿ ಅವರು ಗುಲಾಮಗಿರಿ ಚಾಲ್ತಿಯಲ್ಲಿದ್ದ ಮಿಸೌರಿ ರಾಜ್ಯದ ಸೇಂಟ್ ಲೂಯಿ ನಗರಕ್ಕೆ ಬಂದರು. ಅಲ್ಲಿ ಅವರು ಮೊದಲು ನಡೆಸಿದ ಪತ್ರಿಕೆಯ ಅಚ್ಚುಕೂಟದಲ್ಲಿ ಒಡೆಯನಿಂದ ಬಾಡಿಗೆಗೆ ಪಡೆದ ಗುಲಾಮ ಹುಡುಗನೊಬ್ಬ ದುಡಿಯುತ್ತಿದ್ದ. ತನಗೆ ದಕ್ಕಿದ ಅಲ್ಪಸ್ವಲ್ಪ ಅಕ್ಷರಜ್ಞಾನ ಅಲ್ಲಿಂದಲೇ ಬಂದದ್ದೆಂದು ಆತ ಮುಂದೆ ಆತ್ಮಕಥೆಯಲ್ಲಿ ಬರೆದ. ಬೇರೊಂದು ಪತ್ರಿಕೆಯ ಕಚೇರಿಯಿಂದ ಅಚ್ಚುಮೊಳೆ ತರಲು ಹೋದಾಗ ಗುಲಾಮರ ಒಡೆಯರ ಮಕ್ಕಳು ದಾರಿಗೆ ಅಡ್ಡಬಂದು ಹೊಡೆದದ್ದನ್ನೂ ದಾಖಲಿಸಿದ. ಅವನೇ ವಿಲಿಯಂ ವೆಲ್ಸ್ ಬ್ರೌನ್, ನಂತರದ ಹೆಸರಾಂತ ಲೇಖಕ. ಲವ್‌ಜಾಯ್ ಹುಟ್ಟಾ ಗುಲಾಮಗಿರಿ ವಿರೋಧಿಯಾಗಿರಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಅವರ ನಿಲುವು ವರ್ಷಗಳ ಬರವಣಿಗೆಯಲ್ಲಿ ಗಟ್ಟಿಯಾದದ್ದು.

ಧರ್ಮಶಾಸ್ತ್ರ ಓದಿ ಬಂದ ಅವರು 1833ರಲ್ಲಿ 'ಸೇಂಟ್ ಲೂಯಿ ಅಬ್ಸರ್ವರ್' ವಾರಪತ್ರಿಕೆಯ ಸಂಪಾದಕರಾದರು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸಬೇಕೆಂಬುದಷ್ಟೇ ಆಗ ಅವರ ವಾದ. ಅಷ್ಟೂ ಸಹನೆಯಾಗಲಿಲ್ಲ. 1835ರಲ್ಲಿ ನಗರದ ಗಣ್ಯರು ಸಭೆ ಸೇರಿ, ವಾಕ್‌ಸ್ವಾತಂತ್ರ್ಯ ಗುಲಾಮಗಿರಿಯನ್ನು ಚರ್ಚಿಸುವ ಹಕ್ಕನ್ನು ಕೊಡುವುದಿಲ್ಲವೆಂದು ನಿರ್ಣಯ ಮಾಡಿದರು. ಹಕ್ಕನ್ನು ಒಪ್ಪಿಕೊಂಡು, ಅದು ಬಳಕೆಗೆ ಬರಬೇಕಾದ ಜಾಗದಲ್ಲೇ ಅದನ್ನು ಅಲ್ಲಗಳೆಯುವ ಈ ತರ್ಕ ಹೊಡೆತಬಡಿತಕ್ಕಿಂತ ಅಪಾಯಕಾರಿ. ಹೊಡೆಯುವವರಿಗೆ ಧೈರ್ಯ ಬರುವುದು ಇದರಿಂದಲೇ. ಮರುವರ್ಷದ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ಮೆಕಿಂಟಾಷ್ ಎಂಬ ಸ್ವತಂತ್ರ ಕಪ್ಪು ಕಾರ್ಮಿಕನನ್ನು, ಅಧಿಕಾರಿಯೊಬ್ಬನನ್ನು ಇರಿದು ಕೊಂದನೆಂದು, ಜನರ ಗುಂಪು ಸೆರೆಮನೆಯಿಂದ ಎಳೆದೊಯ್ದು ಮರಕ್ಕೆ ಕಟ್ಟಿ ಜೀವಂತ ಸುಟ್ಟಿತು. ಅಗಾಧ ಜನಸಮೂಹದ ಕೃತ್ಯವಾದರೆ ಅದು ಕಾನೂನಿನ ಕೈಗೆ ಮೀರಿದ್ದು ಎಂದು ನ್ಯಾಯಾಧೀಶ ಲ್ಯೂಕ್ ಲಾಲೆಸ್ ಗ್ರ್ಯಾಂಡ್ ಜ್ಯೂರಿಗೆ ಸೂಚಿಸಿದರು. ಜೊತೆಗೆ ಅಬ್ಸರ್ವರ್‌ನಂಥ ಪತ್ರಿಕೆಗಳ ಮೇಲೆ ತಪ್ಪು ಹೊರಿಸಿದರು. ಇದನ್ನು ಖಂಡಿಸಿ ಲವ್‌ಜಾಯ್ ಬರೆದರು. ಅವರ ಕಚೇರಿ ಧ್ವಂಸವಾಯಿತು.

ನದಿ ದಾಟಿದರೆ ಇಲಿನಾಯ್. ಅದು ಗುಲಾಮಗಿರಿಯಿಂದ ಮುಕ್ತವೆನಿಸಿಕೊಂಡಿದ್ದ ರಾಜ್ಯ. ಲವ್‌ಜಾಯ್ ಪತ್ರಿಕೆಯನ್ನು ಅಲ್ಲಿನ ಆಲ್ಟನ್ನಿಗೆ ಸ್ಥಳಾಂತರಿಸಿದರು. ಆದರೆ ಆಲ್ಟನ್ನಿನ ವ್ಯಾಪಾರ ನಿಂತಿದ್ದುದು ದಕ್ಷಿಣದ ರಾಜ್ಯಗಳ ಜೊತೆಗಿನ ನದಿ ವಹಿವಾಟಿನ ಮೇಲೆ. 1837ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡಿದ್ದ ವರ್ತಕರಿಗೆ ಈ ಪತ್ರಿಕೆ ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆಂಬ ಭಯ. 1836ರ ಜುಲೈನಲ್ಲಿ ಸೇಂಟ್ ಲೂಯಿಯಿಂದ ಸಾಗಿಸಿದ್ದ ಯಂತ್ರ ದಡ ಮುಟ್ಟಿದ ರಾತ್ರಿಯೇ ನೀರಿಗೆ ಬಿದ್ದಿತ್ತು. ಇನ್ನೊಂದು 1837ರ ಆಗಸ್ಟ್ 21ರಂದು ನಾಶವಾಯಿತು, ಮತ್ತೊಂದು ಸೆಪ್ಟೆಂಬರ್ 21ರಂದು.

ನಾಲ್ಕನೆಯದು ನವೆಂಬರ್ 7ರ ನಸುಕಿನಲ್ಲಿ ಹಡಗಿನಿಂದ ಇಳಿದು, ದಡದ ಕಲ್ಲುಕಟ್ಟಡದ ಗೋದಾಮು ಸೇರಿತು. ಅಂದು ರಾತ್ರಿ ಬಂದೂಕು ಹಿಡಿದು ಕಾವಲಿಗೆ ನಿಂತವರು ಇಪ್ಪತ್ತರಷ್ಟು ಜನ. ಮೇಯರ್ ಜಾನ್ ಕ್ರಮ್ ಹೊರಗಿನ ಗುಂಪಿನ ಬೇಡಿಕೆಯನ್ನು ಒಳಗೆ ಹೊತ್ತು ತಂದರು: ಯಂತ್ರವನ್ನು ಒಪ್ಪಿಸಬೇಕು. ಒಳಗಿದ್ದವರು ಒಪ್ಪಲಿಲ್ಲ. ಗುಂಡಿನ ಕಾಳಗದಲ್ಲಿ ಗುಂಪಿನ ಕಡೆಯ ಯುವಕನೊಬ್ಬ ಸತ್ತ. ಏಣಿ ಹಾಕಿ ಮರದ ಚಾವಣಿಗೆ ಬೆಂಕಿ ಹಚ್ಚಲು ಹೊರಟಾಗ, ಅದನ್ನು ತಡೆಯಲು ಹೊರಬಂದ ಲವ್‌ಜಾಯ್ ಐದು ಗುಂಡು ತಗಲಿ ಬಿದ್ದರು. ಬಳಿಕ ಯಂತ್ರವನ್ನು ಕಿಟಕಿಯಿಂದ ಕೆಳಕ್ಕೆ ತಳ್ಳಿ, ಒಡೆದು, ತುಂಡುಗಳನ್ನು ನದಿಗೆ ಎಸೆದರು. ಶವಸಂಸ್ಕಾರ ನಡೆದ ನವೆಂಬರ್ 9 ಅವರ ಮೂವತ್ತೈದನೆಯ ಹುಟ್ಟುಹಬ್ಬ.

ಜನವರಿಯಲ್ಲಿ ವಿಚಾರಣೆ ಮೊದಲು ನಡೆದದ್ದು ಕಾವಲಿಗೆ ನಿಂತವರ ಮೇಲೆ. ದೊಂಬಿಯ ಆರೋಪ ಹೊತ್ತು ಕಟಕಟೆಯಲ್ಲಿ ನಿಂತವರು ಗೋದಾಮಿನ ಪಾಲುದಾರ ವಿನ್‌ತ್ರಾಪ್ ಗಿಲ್ಮನ್. ಅವರು ಖುಲಾಸೆಯಾದರು. ನಂತರ ದಾಳಿ ಮಾಡಿದವರೂ ಖುಲಾಸೆಯಾದರು. ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಇದು ಒಂದೂರಿನ ಕಥೆಯಲ್ಲ. 1835ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆಗಳನ್ನು ಅಂಚೆ ಕಚೇರಿಯಿಂದ ಹೊತ್ತೊಯ್ದು ಸುಟ್ಟರು. ಬಾಸ್ಟನ್‌ನಲ್ಲಿ 'ಲಿಬರೇಟರ್' ಸಂಪಾದಕ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರಿಗೆ ಹಗ್ಗ ಬಿಗಿದು ಬೀದಿಯಲ್ಲಿ ಎಳೆದರು. ಮರುವರ್ಷ ಸಿನ್ಸಿನಾಟಿಯಲ್ಲಿ ಜೇಮ್ಸ್ ಬರ್ನಿ ಅವರ ಮುದ್ರಣಯಂತ್ರ ಒಹಾಯೊ ನದಿ ಸೇರಿತು. ಆಲ್ಟನ್ನಿನ ಸಾವು ಮಾತ್ರ ಉತ್ತರದ ರಾಜ್ಯಗಳನ್ನು ಬೆಚ್ಚಿಬೀಳಿಸಿತು. ಬಾಸ್ಟನ್ನಿನ ಫ್ಯಾನ್ಯುಯಿಲ್ ಹಾಲ್ ಸಭೆಯಲ್ಲಿ ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್ ಕೊಲೆಗಡುಕರ ಗುಂಪನ್ನು ಸ್ವಾತಂತ್ರ್ಯ ಸಮರದ ವೀರರಿಗೆ ಹೋಲಿಸಿದಾಗ, ಇಪ್ಪತ್ತಾರರ ವಕೀಲ ವೆಂಡೆಲ್ ಫಿಲಿಪ್ಸ್ ಎದ್ದುನಿಂತು ಖಂಡಿಸಿದರು. ಗುಲಾಮಗಿರಿ ವಿರೋಧಿ ಚಳವಳಿಯ ದೊಡ್ಡ ವಾಗ್ಮಿಯಾಗಿ ಅವರು ಬೆಳೆದದ್ದು ಅಲ್ಲಿಂದಲೇ.

ಪತ್ರಿಕಾ ಸ್ವಾತಂತ್ರ್ಯ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ, ತಿದ್ದುಪಡಿಯೊಂದರ ಮೂಲಕ. ಆದರೆ ಆ ತಿದ್ದುಪಡಿ ಕಟ್ಟಿಹಾಕಿದ್ದು ಕೇಂದ್ರದ ಶಾಸನಸಭೆಯನ್ನು ಮಾತ್ರ. ಅದೇ ರಕ್ಷಣೆ ರಾಜ್ಯಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಪರಿಗಣಿಸಿದ್ದು 1925ರ ಗಿಟ್ಲೋ ಪ್ರಕರಣದಲ್ಲಿ. ಪತ್ರಿಕೆಯ ಬಾಯಿ ಕಟ್ಟುವ ರಾಜ್ಯವೊಂದರ ಕಾನೂನನ್ನು ತಳ್ಳಿಹಾಕಿದ್ದು 1931ರ ನಿಯರ್ ಪ್ರಕರಣದಲ್ಲಿ. ಆ ಎರಡೂ ತೀರ್ಪುಗಳು ಲಗಾಮು ಹಾಕಿದ್ದು ಸರ್ಕಾರಕ್ಕೆ. ಬಾಗಿಲಿಗೆ ಬಂದ ದೊಂಬಿಯನ್ನು ಚದುರಿಸುವ, ಶಿಕ್ಷೆಗೆ ಗುರಿಪಡಿಸುವ ಹೊಣೆ ಅಂದಿನಂತೆ ಇಂದಿಗೂ ಊರಿನ ಪೊಲೀಸರದು, ಮ್ಯಾಜಿಸ್ಟ್ರೇಟರದು, ಜ್ಯೂರಿಯಲ್ಲಿ ಕೂರುವ ನಾಗರಿಕರದು.