ಕೆರ ನಮ್ಮದು, ದರ ಅವರದು

ಒಂದು ಸಭಾಂಗಣ. 'ಕುಶಲಕರ್ಮಿಗಳು ಉದ್ಯಮಿಗಳಾಗಬೇಕು' ಅಂತ ಬ್ಯಾನರು. ಟೈ ಕಟ್ಟಿದ ಮಹಾಶಯರೊಬ್ಬರು ಚಪ್ಪಲಿ ಹೊಲಿಯುವ ನಮ್ಮ ಅಪ್ಪಂದಿರಿಗೆ, ಅವ್ವಂದಿರಿಗೆ ಹೇಳಿದರು: 'ನಿಮ್ಮ ಕೈಯಾಗ ಕಲೆ ಐತಿ, ವ್ಯಾಪಾರದ ಬುದ್ಧಿ ಇಲ್ಲ. ನಿಮ್ಮ ಕತಿ ಹೇಳ್ರಿ, ಬ್ರ್ಯಾಂಡ್ ಕಟ್ರಿ.' ಚಹಾ ಬಂತು. ಕುಡಿದು ಎದ್ದು ಬಂದೆವು. ಅಲ್ಲಿ ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತೇವೆ.

ಕತಿ ಬೇಕೇನ್ರಿ? ಕೇಳ್ರಿ. ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ಕೂದಲು ಕೆರೆದು, ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ಹದ ಮಾಡಬೇಕು. ಅಟ್ಟೆ ಕೊಯ್ಯುವುದು ಗಂಡಸರ ರಂಪಿಗೆ; ಮೇಲಿನ ಪಟ್ಟಿ ಹೊಲಿಯುವುದು, ಸಣ್ಣ ಬಾರುಗಳನ್ನು ಜಡೆಯಂತೆ ಹೆಣೆಯುವುದು ಹೆಚ್ಚಾಗಿ ಹೆಂಗಸರ ಕೈ. ಮೊಳೆ ಬಡಿಯುವುದಿಲ್ಲ, ತೊಗಲಿನ ಬಾರಿನಿಂದಲೇ ತೊಗಲು ಹೊಲಿಯುತ್ತೇವೆ. ಅಥಣಿ, ನಿಪ್ಪಾಣಿ ಕಡೆ ಹೊಲಿದ ಈ ಜೋಡು ಪೇಟೆಗೆ ಹೋಗಿ 'ಕೊಲ್ಹಾಪುರಿ' ಆಗುತ್ತದೆ. ಮಾರಿದ ಪೇಟೆಗೆ ಹೆಸರು, ಹೊಲಿದ ಕೇರಿಗೆ ಉದ್ರಿ.

ಬುದ್ಧಿ ಇಲ್ಲ ಅಂದಿರಲ್ಲ, ಲೆಕ್ಕ ಹಾಕೋಣ. ತೊಗಲು ಸಾವ್ಕಾರ ಉದ್ರಿ ಕೊಟ್ಟದ್ದು. ಜೋಡಿಗೆ 400 ರೂಪಾಯಿ ಅಂತ ಹಿಡೀರಿ. ತೊಗಲು, ಬಣ್ಣ, ದಾರ ಅಂತ 250 ಅವನೇ ಮುರಿದುಕೊಂಡರೆ, ಉಳಿದ 150 ಇಬ್ಬರ ಎರಡು ದಿನದ ದುಡಿಮೆಗೆ. ಇದರಲ್ಲಿ ಅವ್ವನ ಕೂಲಿ ಎಷ್ಟು ಅಂತ ಅಪ್ಪನನ್ನು ಕೇಳಿದೆವು. 'ಮನೀ ಕೆಲಸಕ್ಕ ಎಂಥಾ ಕೂಲಿ?' ಅಂದ. ಸಾವ್ಕಾರ ನಮಗೆ ಮಾಡಿದ್ದನ್ನೇ ನಾವು ಅವ್ವನಿಗೆ ಮಾಡಿದ್ದೇವೆ. ಬಿ.ಎ. ಮುಗಿಸಿ, ಬಂಡಾಯದ ಪದ್ಯ ಬರೆಯುವ ನಾವೂ ಅವಳ ಹೆಣಿಗೆಯ ದುಡ್ಡಿನಲ್ಲಿ ಫೀಜು ಕಟ್ಟಿದವರು. ಅದನ್ನು ಯಾವ ಪದ್ಯದಲ್ಲಿಯೂ ಬರೆದಿಲ್ಲ. ನಾಚಿಕೆಯಾಗುತ್ತದೆ, ಆಗಲಿ.

ಇನ್ನು ಸರ್ಕಾರ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ನಮ್ಮ ಹುಡುಗರನ್ನು ಕಟ್ಟಿ ಬಡಿದರು. 2020ರ ಜಾನುವಾರು ಕಾಯ್ದೆಯ ನಂತರ ನಮ್ಮ ಕಡೆಯೂ ತೊಗಲು ತರುವವ ದಾರಿಯುದ್ದಕ್ಕೂ ಹೆದರುತ್ತಾನೆ. ಆ ಹೆದರಿಕೆಯ ದರವೂ ತೊಗಲಿನ ಮೇಲೆ ಬೀಳುತ್ತದೆ. 2022ರ ಜನವರಿಯಿಂದ ಸಾವಿರ ರೂಪಾಯಿ ಒಳಗಿನ ಚಪ್ಪಲಿಯ ಜಿಎಸ್‌ಟಿ ಶೇಕಡಾ 5ರಿಂದ 12ಕ್ಕೇರಿತು. ಮತ್ತೆ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಏರಿದಾಗ ಸಾವ್ಕಾರ ನಮ್ಮ ದರ ಇಳಿಸಿದ. ಇಳಿದಾಗ ಏರಿಸಲಿಲ್ಲ!

2019ರಲ್ಲಿ ಎರಡು ರಾಜ್ಯಗಳ ಎಂಟು ಜಿಲ್ಲೆಗಳ ಸೊತ್ತು ಅಂತ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕ ಸುದ್ದಿ ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಚಹರೆಯ ಚಪ್ಪಲಿ ಮೆರೆಸಿತು, ನಮ್ಮ ಹೆಸರಿಲ್ಲದೆ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ: 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಹಂಗಾದ್ರ ನಮ್ಮ ಕೆಲಸಕ್ಕೆ ಬೆಲೆ ಇಲ್ಲ ಅನ್ನುವುದು ಹಸಿ ಸುಳ್ಳು. ಬೆಲೆ ಇದೆ, ಅದನ್ನು ಕಟ್ಟುವವರು ನಾವಲ್ಲ.

ನಮ್ಮ ಗೆಳೆಯರೇ ಕೆಲವರು ಅನ್ನುತ್ತಾರೆ: 'ಈ ಹಾಳು ಕಸುಬನ್ನೇ ಬಿಡ್ರಿ, ಬಾಬಾಸಾಹೇಬರು ಬಿಡು ಅನ್ನಲಿಲ್ಲವೇ?' 1927ರಲ್ಲಿ ಮಹಾಡದಲ್ಲಿ ಅವರು ಬಿಡಿ ಅಂದದ್ದು ಸತ್ತ ದನದ ಬಾಡನ್ನು, ಅದರ ಜತೆ ಅಂಟಿಸಿದ ಹೀನಾಯವನ್ನು. ಬಿಡುವವರು ಬಿಡಲಿ, ನಮ್ಮ ತಂಗಿಯರು ಡಾಕ್ಟರಾಗಲಿ. ಆದರೆ ಉಳಿಯುವವರು ಭಿಕ್ಷುಕರಂತೆ ಯಾಕೆ ಉಳಿಯಬೇಕು? 1976ರಲ್ಲಿ ಹುಟ್ಟಿದ ಲಿಡ್ಕರ್ ಕೇರಿಕೇರಿಗೂ ಅಸಲು ದರಕ್ಕೆ ತೊಗಲು ಕೊಡಲಿ, ಹೊಲಿದವರು ಕೂತು ಕಟ್ಟಿದ ದರಕ್ಕೆ ಕೊಳ್ಳಲಿ. ಪೇಟೆಯ ದೊಡ್ಡ ಬೀದಿಯಲ್ಲಿ ಮಳಿಗೆ ಕೊಡಿಸಲಿ. ಬಾಡಿಗೆಗೆ ಕೇಳಲು ಹೋದರೆ 'ಯಾವ ಮಂದಿ?' ಅನ್ನುತ್ತಾರಲ್ಲ, ಅದಕ್ಕೆ ಯಾವ ಬ್ರ್ಯಾಂಡು ಮದ್ದು?

ಹೋದ ವಾರ ನಾವು ಮೂರು ಮನೆಯವರು ಸೇರಿ ಒಂದು ನೋಟುಬುಕ್ಕು ತಂದೆವು. ಮೊದಲ ಸಾಲಿನಲ್ಲಿ ಅವ್ವಂದಿರ ಹೆಸರು, ಅವರ ದಿನದ ಕೂಲಿ. ಸಾವ್ಕಾರ ಬಂದಾಗ ಓದಿ ಹೇಳಿದೆವು. ನಕ್ಕ, ಜೋಡು ಒಯ್ಯದೆ ಹೋದ. ಹನ್ನೆರಡು ಜೋಡಿ ಮನೆಯಲ್ಲೇ ಕೂತಿವೆ, ಉದ್ರಿ ತಲೆಯ ಮೇಲಿದೆ. ಅಪ್ಪ ನಮ್ಮ ಜತೆ ಮಾತಾಡುತ್ತಿಲ್ಲ. ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಿಮ್ಮೂರ ಕೇರಿಯಲ್ಲಿಯೂ ಕೂತು ಇಂಥ ಲೆಕ್ಕ ಬರೆಸಿ, ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಒಂದೇ ಕೇರಿಯ ದರಕ್ಕೆ ಸಾವ್ಕಾರ ನಗುತ್ತಾನೆ.