ಬಣ್ಣ ದೇಸಿಯೋ, ಕಣ್ಣು ದೇಸಿಯೋ

ಭಾರತದ ಚಿತ್ರಕಲೆ ತನ್ನದೇ ದಾರಿಯಲ್ಲಿ ಆಧುನಿಕವಾಗಬೇಕಾದರೆ ಯುರೋಪಿನ ತೈಲವರ್ಣ, ಕ್ಯಾನ್ವಾಸುಗಳನ್ನು ಬಿಡಲೇಬೇಕೆ? ಕೋಲ್ಕತ್ತದ ಜಾಮಿನಿ ರಾಯ್ ಬಿಟ್ಟರು. ಪ್ಯಾರಿಸ್ಸಿನಿಂದ ಮರಳಿದ ಅಮೃತಾ ಶೇರ್‌ಗಿಲ್ ಬಿಡಲಿಲ್ಲ.

ಅಮೃತಾ 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. ತಂದೆ ಸಿಖ್ ಸಿರಿವಂತ ಮನೆತನದವರು, ತಾಯಿ ಹಂಗೇರಿಯ ಗಾಯಕಿ. ಹದಿಹರೆಯದಲ್ಲೇ ಪ್ಯಾರಿಸ್ಸಿನಲ್ಲಿ ಕಲಿತು, ‘ಯಂಗ್ ಗರ್ಲ್ಸ್’ ಚಿತ್ರಕ್ಕೆ ಅಲ್ಲಿಯೇ ಚಿನ್ನದ ಪದಕ ಪಡೆದರು. 1934ರಲ್ಲಿ ಭಾರತಕ್ಕೆ ಮರಳಿದ ಮೇಲೂ ಅವರ ಸಾಮಗ್ರಿ ಬದಲಾಗಲಿಲ್ಲ, ನೋಟ ಬದಲಾಯಿತು. 1935ರ ‘ಮೂವರು ಹುಡುಗಿಯರು’ ಚಿತ್ರದಲ್ಲಿ ಮೂವರೂ ಒತ್ತೊತ್ತಾಗಿ ಕುಳಿತಿದ್ದಾರೆ, ಆದರೆ ಒಬ್ಬಳೂ ಇನ್ನೊಬ್ಬಳ ಮುಖ ನೋಡುತ್ತಿಲ್ಲ. ಹಿಂದೆ ಬರಿಯ ಗೋಡೆ. ಹೆಣ್ಣುಮಕ್ಕಳ ಕಾಯುವಿಕೆಯನ್ನು ಅಷ್ಟು ಮೌನವಾಗಿ ಅಲ್ಲಿಯವರೆಗೆ ಭಾರತದಲ್ಲಿ ಯಾರೂ ಬರೆದಿರಲಿಲ್ಲವೆಂದೇ ಅನ್ನಿಸುತ್ತದೆ. ಅಜಂತಾ ನೋಡಿ, ದಕ್ಷಿಣ ಭಾರತ ಸುತ್ತಿದ ಮೇಲೆ 1937ರಲ್ಲಿ ಬರೆದ ‘ಬ್ರಹ್ಮಚಾರಿಗಳು’ ಚಿತ್ರದಲ್ಲಂತೂ ಫ್ರೆಂಚ್ ಕಲಾವಿದ ಗೋಗ್ಯಾನನಿಂದ ಕಲಿತ ಸಪಾಟು ಬಣ್ಣವೂ ಗುಹಾಚಿತ್ರಗಳ ಗಾಂಭೀರ್ಯವೂ ಬೆಸೆದುಕೊಂಡಿವೆ. 1941ರಲ್ಲಿ, 28ನೇ ವಯಸ್ಸಿಗೆ, ಅವರು ಲಾಹೋರಿನಲ್ಲಿ ತೀರಿಕೊಂಡರು.

ಜಾಮಿನಿ ಬಂಗಾಳದ ಬಾಂಕುರಾ ಜಿಲ್ಲೆಯ ಬೇಲಿಯಾತೋರಿನವರು, 1887ರಲ್ಲಿ ಜನಿಸಿದವರು. ಸರ್ಕಾರಿ ಕಲಾಶಾಲೆಯಲ್ಲಿ ಕಲಿತ ಪಾಶ್ಚಾತ್ಯ ಶೈಲಿಯಲ್ಲಿ ಭಾವಚಿತ್ರ ಬರೆದು ಬದುಕುತ್ತಿದ್ದವರು, 1920ರ ದಶಕದಲ್ಲಿ ಆ ದಾರಿ ಬಿಟ್ಟು ಮೊದಲು ಕೋಲ್ಕತ್ತದ ಕಾಳಿಘಾಟದ ಪಟಚಿತ್ರಗಳತ್ತ, ಆಮೇಲೆ ತಮ್ಮ ಸೀಮೆಯ ಹಳ್ಳಿಯ ಪಟ ಬರೆಯುವ ಪಟುವಾಗಳತ್ತ ತಿರುಗಿದರು. ದೀಪದ ಮಸಿ, ಮಣ್ಣಿನ ಬಣ್ಣ, ಹುಣಸೆಬೀಜದ ಅಂಟು ಅವರ ಸಾಮಗ್ರಿಯಾದವು. ದಪ್ಪ ಗೆರೆ, ಬಾದಾಮಿ ಕಣ್ಣು. ಸಂತಾಲ ಹೆಂಗಸರು, ಸೀಗಡಿ ಕಚ್ಚಿದ ಬೆಕ್ಕು, ಯೇಸು ಎಲ್ಲರೂ ಆ ಗೆರೆಗೆ ಒಗ್ಗಿದರು.

ಇದನ್ನು ಜಾನಪದದ ನಕಲು ಎನ್ನುವುದು ಅನ್ಯಾಯ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ಆರಿಸಿದ್ದು ಶಾಲೆಯಲ್ಲಿ ಪಳಗಿದ ಕಣ್ಣು. ಹಳ್ಳಿಯನ್ನು ಸ್ವಲ್ಪ ದೂರ ನಿಂತು ನೋಡಿದವರೇ ಇಬ್ಬರೂ. ಹಾಗಾಗಿ ಹುಣಸೆಬೀಜದ ಅಂಟಿದ್ದರೆ ದೇಸಿ, ತೈಲವರ್ಣವಿದ್ದರೆ ಪರದೇಸಿ ಎಂಬ ಅಳತೆ ನಿಲ್ಲುವುದಿಲ್ಲ. ಅಮೃತಾ ಅದನ್ನು ಸುಳ್ಳು ಮಾಡಿದರು.

ಜಾಮಿನಿಯವರ ನಿಜವಾದ ಬಂಡಾಯ ಬೇರೆಡೆ ಇದೆ. ಮನೆಯನ್ನೇ ಕಾರ್ಯಾಗಾರ ಮಾಡಿಕೊಂಡು, ಮಗನನ್ನೂ ಜೊತೆಗೆ ಸೇರಿಸಿಕೊಂಡು, ಒಂದೇ ಚಿತ್ರವನ್ನು ಹಲವು ಸಲ ಬರೆದು ಕಡಿಮೆ ಬೆಲೆಗೆ ಮಾರಿದರು. ಒಂದು ಕೃತಿಗೆ ಒಂದೇ ಪ್ರತಿ, ಒಂದೇ ಕೈ ಎಂಬ ಆಧುನಿಕ ಕಲೆಯ ನಂಬಿಕೆಯನ್ನೇ ಅವರು ತಳ್ಳಿಹಾಕಿದರು. ಅಷ್ಟು ದೂರ ಅಮೃತಾ ಹೋಗಲಿಲ್ಲ. 2023ರಲ್ಲಿ ಅವರ ‘ದ ಸ್ಟೋರಿ ಟೆಲ್ಲರ್’ ಚಿತ್ರ ದೆಹಲಿಯ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಆ ಬೆಲೆ ಹುಟ್ಟುವುದೇ ಚಿತ್ರ ಒಂದೇ ಒಂದು ಇರುವುದರಿಂದ.

ಇಂದು ಜಾಮಿನಿಯವರ ಸಹಿಯಿರುವ ಚಿತ್ರ ಕಂಡರೆ ಪರಿಣತರು ಮೊದಲು ಕೇಳುವುದು, ಇದು ಅವರ ಕೈಯದೋ, ಮಗನ ಕೈಯದೋ, ಖೋಟಾವೋ ಎಂದು. ಕೊಳ್ಳುವವನಿಗೆ ಅದು ಬೇಕಾದ ಪ್ರಶ್ನೆಯೇ. ಆದರೆ ಮಧ್ಯಮ ವರ್ಗದ ಮನೆಯ ಗೋಡೆಗಾಗಿ ಬರೆದವರನ್ನು ಅದೊಂದರಿಂದಲೇ ಅಳೆದರೆ, ಅವರು ಮಾಡಿದ ಅತಿ ಧೈರ್ಯದ ಕೆಲಸವೇ ದೋಷದ ಪಟ್ಟಿಗೆ ಸೇರಿಬಿಡುತ್ತದೆ.